ಕಂತಿಗೊಂದು ಕಾಯಂ ವಿಳಾಸ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಅಂದಿನ ಟಿ.ವಿ. ಪಟ್ಟಿ ಅಚ್ಚಾಗುತ್ತಿದ್ದ ಕಾಲದಲ್ಲಿ ಕಾರ್ಯಕ್ರಮ ಹುಡುಕುವುದು ಯಾರಿಗೂ ತಲೆನೋವಾಗಿರಲಿಲ್ಲ. ಇದ್ದದ್ದೇ ಒಂದೆರಡು ವಾಹಿನಿ; ಗಂಟೆ ಗೊತ್ತಿದ್ದರೆ ಸಾಕಿತ್ತು. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ಪಟ್ಟಿ ಉದ್ದವಾಯಿತೇ ಹೊರತು ಅದರ ಜೋಡಣೆ ಬದಲಾಗಲಿಲ್ಲ. ಎಡಗಡೆ ಗಂಟೆ, ಬಲಗಡೆ ಹೆಸರು. ಕೇಬಲ್ ಡಿಜಿಟಲ್ ಆದಾಗ ಅದೇ ಪಟ್ಟಿ ಸೆಟ್‌ಟಾಪ್ ಬಾಕ್ಸಿನೊಳಗೆ ಹೋಗಿ ಕೂತಿತು. ಬೆಂಗಳೂರಿಗೆ ಅದರ ಗಡುವು 2013ರ ಮಾರ್ಚ್ 31 ಆಗಿತ್ತು. ಇವತ್ತು ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಫೋನು ಹಿಡಿದು ಇಪ್ಪತ್ತು ವರ್ಷ ಹಳೆಯ ಧಾರಾವಾಹಿಯೊಂದರ ಕಂತನ್ನು ಹುಡುಕುವವರಿಗೆ ಅದು ರಾತ್ರಿ ಎಷ್ಟು ಗಂಟೆಗೆ ಬರುತ್ತಿತ್ತು ಎಂಬುದು ಬೇಕಿಲ್ಲ. ಯಾವ ಕಂತು, ಯಾರದು, ಎಲ್ಲಿದೆ ಎಂಬುದು ಬೇಕು. ಕನ್ನಡದ ಟಿ.ವಿ. ಕಾರ್ಯಕ್ರಮಗಳು ಅಂತರ್ಜಾಲದಲ್ಲಿ ಕೈಗೆ ಸಿಗದಿರಲು ವಿಡಿಯೊ ಇಲ್ಲದಿರುವುದೊಂದೇ ಕಾರಣವಲ್ಲ. ಇರುವ ವಿಡಿಯೊಗಳ ವಿವರವೂ ಇನ್ನೂ ಆ ಎಡಗಡೆಯ ಗಂಟೆಗೇ ಕಟ್ಟುಬಿದ್ದಿದೆ.

ಇದಕ್ಕೆ ಬೇಕಾದ ಬುದ್ಧಿ ಪಶ್ಚಿಮ ಬೆಂಗಳೂರಿನ ಹಿತ್ತಲಲ್ಲೇ ಇದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಹೊರಟರೆ ಆರ್.ವಿ. ಕಾಲೇಜಿನ ಆಸುಪಾಸಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆವರಣ ಸಿಗುತ್ತದೆ. ಅದರೊಳಗಿನ ಡಿ.ಆರ್.ಟಿ.ಸಿ. ಎಂಬ ಗ್ರಂಥಾಲಯ ವಿಜ್ಞಾನ ಕೇಂದ್ರವನ್ನು 1962ರಲ್ಲಿ ಕಟ್ಟಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದು ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಹೊರತಂದರು. ಒಂದು ಪುಸ್ತಕಕ್ಕೆ ಮೊದಲೇ ಕೊರೆದಿಟ್ಟ ಒಂದು ಗೂಡು ಎಂಬ ಪದ್ಧತಿಯನ್ನು ಬಿಟ್ಟು, ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ಮತ್ತೆ ಕೂಡಿಸುವ ಕ್ರಮ ಅದು. ಮುಂದೆ ಆ ಮುಖಗಳನ್ನೆಲ್ಲ ಅವರು ಐದಕ್ಕೆ ಇಳಿಸಿದರು: ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ, ಕಾಲ. ಈ ಸಾಲಿನಲ್ಲಿ ಕಾಲಕ್ಕೆ ಕೊನೆಯ ಜಾಗ. ಟಿ.ವಿ.ಯನ್ನು ಮನಸ್ಸಿನಲ್ಲಿಟ್ಟುಕೊಂಡು ರಂಗನಾಥನ್ ಹೀಗೆ ಮಾಡಿದ್ದಲ್ಲ, ಅವರು 1972ರಲ್ಲೇ ತೀರಿಕೊಂಡರು. ಆದರೂ ಕಳೆದ ಮೂರು ದಶಕಗಳಲ್ಲಿ ಕಾರ್ಯಕ್ರಮ ಹುಡುಕಲೆಂದು ಜಗತ್ತು ರೂಪಿಸಿಕೊಂಡ ಮಾನಕಗಳ ಕಥೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮೊದಲ ಜಾಗದಲ್ಲಿ ಕೂತಿದ್ದ ಕಾಲವನ್ನು ಎಬ್ಬಿಸಿ ಕೊನೆಗೆ ಕೂರಿಸಿದ ಕಥೆ ಅನ್ನಬೇಕು.

ಡಿಜಿಟಲ್ ಪ್ರಸಾರದ ಡಿ.ವಿ.ಬಿ. ಮಾನಕದಲ್ಲಿ ಸಂಕೇತದ ಜೊತೆಗೇ ಬರುವ ಕಾರ್ಯಕ್ರಮ ಕೋಷ್ಟಕ ಪೂರ್ತಿ ವೇಳೆಯ ಲೆಕ್ಕದ್ದು: ಈಗಿನದು, ಮುಂದಿನದು, ನಾಳೆಯದು. ಕನ್ನಡಕ್ಕೆ ಅಲ್ಲಿ ಇನ್ನೊಂದು ತೊಡಕು. ಪಠ್ಯದ ಮೊದಲ ಬೈಟು ಬೇರೇನೂ ಹೇಳದಿದ್ದರೆ ಬಾಕ್ಸು ಅದನ್ನು ಲ್ಯಾಟಿನ್ ಅಕ್ಷರವೆಂದೇ ಓದುತ್ತದೆ. ಯೂನಿಕೋಡ್ ಎಂಬ ಸೂಚನೆ ಕೊಟ್ಟು ಕನ್ನಡ ಕಳಿಸಲು ಮಾನಕದಲ್ಲಿ ದಾರಿಯಿದೆ, ಆದರೆ ಬಾಕ್ಸಿನಲ್ಲಿ ಫಾಂಟೂ ಒತ್ತಕ್ಷರ ಜೋಡಿಸುವ ತಂತ್ರಾಂಶವೂ ಇರಬೇಕು. ಹಾಗಾಗಿ ನಮ್ಮ ಮನೆಗಳ ಪರದೆಯಲ್ಲಿ ಕನ್ನಡ ಧಾರಾವಾಹಿಯ ಹೆಸರು ಹೆಚ್ಚಾಗಿ ಇಂಗ್ಲಿಷ್ ಲಿಪಿಯಲ್ಲೇ ಕಾಣುತ್ತದೆ. ವೇಳೆಯ ಲೆಕ್ಕದ ಗೋಡೆ ದಾಟುವ ಮೊದಲ ಗಂಭೀರ ಯತ್ನ 1999ರಲ್ಲಿ ಆರಂಭವಾದ ಟಿ.ವಿ.-ಎನಿಟೈಮ್ ವೇದಿಕೆಯದು. ಕಾರ್ಯಕ್ರಮಕ್ಕೆ ಒಂದು ಗುರುತು, ಅದು ಸಿಗುವ ಜಾಗಕ್ಕೆ ಬೇರೆ ಗುರುತು ಎಂದು ಅದು ಎರಡನ್ನೂ ಬಿಡಿಸಿತು. 2007ರಲ್ಲಿ ಬಿ.ಬಿ.ಸಿ. ತನ್ನ ಪ್ರತಿ ಕಂತಿಗೂ ಕಾಯಂ ಜಾಲ ವಿಳಾಸ ಕೊಡತೊಡಗಿದಾಗ ಮಾಲಿಕೆ ಬೇರೆ, ಕಂತು ಬೇರೆ, ಆ ಕಂತಿನ ಒಂದೊಂದು ಪ್ರಸಾರ ಬೇರೆ ಎಂಬ ವಿಂಗಡಣೆ ಇನ್ನೂ ಸ್ಪಷ್ಟವಾಯಿತು. ಮೂರು ಸಲ ಮರುಪ್ರಸಾರವಾದರೂ ಕಂತು ಒಂದೇ. 2011ರ ಜೂನ್‌ನಲ್ಲಿ ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಾಮಾನ್ಯ ಪದಕೋಶ ತಂದವು. ಒಂದು ಪುಟದಲ್ಲಿರುವುದು ಟಿ.ವಿ. ಕಂತು, ಅದರ ಭಾಷೆ ಇದು, ಸಂಖ್ಯೆ ಇದು, ಇಂಥ ಮಾಲಿಕೆಗೆ ಸೇರಿದ್ದು ಎಂದು ಯಂತ್ರಕ್ಕೆ ತಿಳಿಯುವಂತೆ ಬರೆಯಲು ಈಗ ಕೆಲವು ಸಾಲು ಸಾಕು. ಮರುವರ್ಷ ಬಂದ ವಿಕಿಡೇಟಾದಲ್ಲಿ ಯಾವ ಕೃತಿಗಾದರೂ ಒಂದು ಸಂಖ್ಯೆ ಕೊಟ್ಟು ಅದಕ್ಕೆ ಕನ್ನಡದ ಹೆಸರನ್ನೂ ಅಂಟಿಸಬಹುದು.

ಇದೆಲ್ಲ ತೀರಾ ಸೂಕ್ಷ್ಮವಾಯಿತು ಅನ್ನುವವರು ನಮ್ಮ ಧಾರಾವಾಹಿಗಳನ್ನೇ ನೋಡಲಿ. ಟಿ.ಎನ್. ಸೀತಾರಾಮ್ ಈಟಿವಿ ಕನ್ನಡಕ್ಕೆ 'ಮುಕ್ತ' ಮಾಡಿದರು, ಆಮೇಲೆ ಅದೇ ವಾಹಿನಿಗೆ 'ಮುಕ್ತ ಮುಕ್ತ' ಮಾಡಿದರು. ಒಂದರ ಹೆಸರು ಇನ್ನೊಂದರ ಹೊಟ್ಟೆಯಲ್ಲಿದೆ. 1990ರ ದಶಕದ ಕೊನೆಗೆ ದೂರದರ್ಶನದಲ್ಲಿ ಬಂದದ್ದು 'ಮಾಯಾಮೃಗ', 2022ರಲ್ಲಿ ಸಿರಿ ಕನ್ನಡದಲ್ಲಿ ಶುರುವಾದದ್ದು 'ಮತ್ತೆ ಮಾಯಾಮೃಗ'. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' 1980ರ ದಶಕದ ಹಿಂದಿ, ಇಂಗ್ಲಿಷ್ ಸರಣಿ. 2020ರಲ್ಲಿ ಅದೇ ಹೆಸರಿನ ಕನ್ನಡ ಚಲನಚಿತ್ರ ಬಂತು. ವಾಹಿನಿಯ ಹೆಸರಿನಿಂದ ಹುಡುಕೋಣವೆಂದರೆ ಅದೂ ನೆಚ್ಚಿಕೆಯದಲ್ಲ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು, ಆಮೇಲೆ ಸುವರ್ಣ ಸ್ಟಾರ್ ಸುವರ್ಣವಾಯಿತು. ಇನ್ನು ಇಂಗ್ಲಿಷ್ ಅಕ್ಷರದಲ್ಲಿ 'ಮಾಯಾಮೃಗ' ಬರೆಯುವ ಬಗೆಗಳನ್ನು ಎಣಿಸುತ್ತ ಕೂತರೆ ಒಂದು ಕಂತೇ ಮುಗಿದೀತು. ಇಷ್ಟೆಲ್ಲ ಬದಲಾದರೂ ಬದಲಾಗದ ಗುರುತೊಂದು ಕೃತಿಗೆ ಬೇಕು. ದೂರದರ್ಶನದ ಚಂದನ ವಾಹಿನಿಯಲ್ಲಿ ನಾ. ಸೋಮೇಶ್ವರ ಅವರ ರಸಪ್ರಶ್ನೆ 'ಥಟ್ ಅಂತ ಹೇಳಿ' 2002ರಿಂದ ಮೂರು ಸಾವಿರಕ್ಕೂ ಹೆಚ್ಚು ಕಂತು ಕಂಡಿದೆ. ಹೆಸರು ಒಂದೇ ಆಗಿರುವಾಗ ಒಂದು ಕಂತನ್ನು ಇನ್ನೊಂದರಿಂದ ಬೇರ್ಪಡಿಸುವುದು ಸಂಖ್ಯೆ ಮತ್ತು ದಿನಾಂಕ ಮಾತ್ರ.

ಈಗ ಆಕ್ಷೇಪಗಳು. ಯಂತ್ರವೇ ಮಾತು ಕೇಳಿ ಬರೆದುಕೊಳ್ಳುವಾಗ ಈ ಗುಮಾಸ್ತಗಿರಿ ಯಾಕೆ ಎಂಬುದು ಮೊದಲನೆಯದು. ಯಂತ್ರ ಕಂತಿನೊಳಗೆ ಏನು ಆಡಿದರೆಂದು ಹೇಳಬಲ್ಲದು. ಆ ಕಂತು ಮೊದಲು ಯಾವತ್ತು ಪ್ರಸಾರವಾಯಿತು, ನಿರ್ದೇಶಿಸಿದ್ದು ಯಾರು, ಹಕ್ಕು ಯಾರದು ಎಂಬುದು ಆಡಿದ ಮಾತಿನಲ್ಲಿ ಇರುವುದಿಲ್ಲ. ಯೂಟ್ಯೂಬು ತೋರಿಸುವುದು ಏರಿಸಿದ ದಿನಾಂಕವನ್ನು, ಪ್ರಸಾರದ ದಿನಾಂಕವನ್ನಲ್ಲ. ವಿವರ ಬಿಚ್ಚಿಟ್ಟರೆ ಕಳ್ಳರಿಗೆ ಅನುಕೂಲ ಎಂಬ ಭಯ ಎರಡನೆಯದು. ಹಂಪಿನಗರದ ಗ್ರಂಥಾಲಯದ ಸೂಚಿ ಓದಿ ಯಾರೂ ಪುಸ್ತಕ ಕದ್ದಂತಾಗುವುದಿಲ್ಲ. ಅಸಲಿ ಕಂತಿನ ವಿಳಾಸ ಸಿಗದಿರುವುದರಿಂದಲೇ ನೋಡುಗರು ಯಾರೋ ಅನಾಮಿಕರು ತುಂಡರಿಸಿ ಏರಿಸಿದ್ದರ ಮುಂದೆ ಕೂರುತ್ತಾರೆ.

ಮೂರನೆಯದು ಗಟ್ಟಿ ಆಕ್ಷೇಪ. ಖಾಸಗಿ ವಾಹಿನಿ ಬದುಕುವುದು ಈ ವಾರದ ಟಿ.ಆರ್.ಪಿ.ಯ ಮೇಲೆ, ಹಳೆಯ ಕಂತಿಗೆ ಸೂಚಿ ಬರೆದು ಅದಕ್ಕೇನು ಲಾಭ? ಹೆಚ್ಚೇನಿಲ್ಲ, ಒಪ್ಪಬೇಕು. ಆದರೆ ಖರ್ಚೂ ಹೆಚ್ಚಿನದಲ್ಲ. ಪ್ರಸಾರಕ್ಕೆ ಹೋಗುವ ಪ್ರತಿ ಕಂತಿಗೂ ಹೆಸರು, ಸಂಖ್ಯೆ, ಅವಧಿ, ದಿನಾಂಕವನ್ನು ಯಾರೋ ಒಬ್ಬರು ಆಗಲೇ ಬರೆದಿರುತ್ತಾರೆ, ಅದು ಹೊರಗೆ ಬರುವುದಿಲ್ಲ ಅಷ್ಟೆ. ಟಿ.ವಿ.-ಎನಿಟೈಮ್ ಬಯಸುವ ಅಷ್ಟೂ ವಿವರ ತುಂಬಬೇಕೆಂದು ಹಟ ಹಿಡಿದರೆ ಕೆಲಸ ನಿಲ್ಲುತ್ತದೆ. ಐದಾರು ಅಂಶಗಳಷ್ಟನ್ನೇ ಪ್ರಕಟಿಸಿದರೂ ಸಾಕು.

ಇದನ್ನೆಲ್ಲ ಒಂದು ದೊಡ್ಡ ಕಂಪನಿಗೆ ವಹಿಸಿದರೆ ಆಗದೇ ಎಂದು ಕೇಳುವವರಿಗೆ ಸಿ.ಡಿ.ಡಿ.ಬಿ. ಉದಾಹರಣೆ ಇದೆ. 1990ರ ದಶಕದಲ್ಲಿ ಸಿ.ಡಿ.ಗಳ ಹಾಡಿನ ಪಟ್ಟಿಯನ್ನು ಸಾವಿರಾರು ಜನ ಬಿಟ್ಟಿಯಾಗಿ ಟೈಪಿಸಿ ಕಟ್ಟಿದ ಕೋಶ ಅದು. ಕೈಬದಲಾಗಿ ಗ್ರೇಸ್‌ನೋಟ್ ಎಂಬ ಕಂಪನಿಯಾದ ಮೇಲೆ ಬಳಸಲು ಪರವಾನಗಿ ಬೇಕಾಯಿತು. ಇಂದು ಅದೇ ಕಂಪನಿ ಟಿ.ವಿ. ಕಾರ್ಯಕ್ರಮಗಳ ವಿವರವನ್ನೂ ಮಾರುತ್ತದೆ. 1990ರಲ್ಲಿ ಹವ್ಯಾಸಿಗಳ ಪಟ್ಟಿಯಾಗಿ ಹುಟ್ಟಿದ ಐ.ಎಂ.ಡಿ.ಬಿ. 1998ರಿಂದ ಅಮೆಜಾನ್‌ನದು. ಯಾರೂ ಬೀಗ ಹಾಕಲಾಗದ ಪರವಾನಗಿಯಲ್ಲಿ ವಿವರ ಇರಬೇಕು ಎನ್ನುವುದಕ್ಕೆ ಈ ಎರಡು ಸಾಕ್ಷಿ ಸಾಕು. ವಿಕಿಡೇಟಾ ತನ್ನ ದತ್ತಾಂಶವನ್ನು ಸಿ.ಸಿ.-ಝೀರೋ ಅಡಿ ಬಿಟ್ಟುಕೊಟ್ಟಿರುವುದು ಇದೇ ಕಾರಣಕ್ಕೆ ಮುಖ್ಯ.

ಹಾಗಾದರೆ ಶುರು ಮಾಡಬೇಕಾದವರು ಯಾರು? ದೂರಸಂಪರ್ಕ ನಿಯಂತ್ರಕ ಟ್ರಾಯ್ 2017ರ ನಿಯಮದಲ್ಲಿ ಒಂದೇ ಪ್ರಕಾರದ, ಒಂದೇ ಭಾಷೆಯ ವಾಹಿನಿಗಳು ಪರದೆಯ ಕಾರ್ಯಕ್ರಮ ಮಾರ್ಗದರ್ಶಿಯಲ್ಲಿ ಒಟ್ಟಿಗೆ ಕಾಣಬೇಕೆಂದಿತು. ಆ ಚಿಂತೆ ವಾಹಿನಿಯ ಸ್ಥಾನದ್ದು, ಕಂತಿನದ್ದಲ್ಲ. ಟಿ.ಆರ್.ಪಿ.ಯ ನೆಪ ಹೇಳಲಾಗದ ಒಂದೇ ವಾಹಿನಿ ನಮ್ಮಲ್ಲಿರುವುದು ಚಂದನ. ಅದು ನಡೆಯುವುದು ಸಾರ್ವಜನಿಕರ ದುಡ್ಡಿನಲ್ಲಿ, ಅದರ ಹಳೆಯ ಕಂತುಗಳಲ್ಲಿ ಕನ್ನಡದ ಲೇಖಕರು, ಗಾಯಕರು, ರಂಗಕರ್ಮಿಗಳು ಇದ್ದಾರೆ. 'ಥಟ್ ಅಂತ ಹೇಳಿ'ಯ ಕಂತುಗಳ ಸಂಖ್ಯೆ, ದಿನಾಂಕ, ಅಲ್ಲಿ ಬಂದ ವಿಷಯಗಳನ್ನು ಕನ್ನಡ ಲಿಪಿಯಲ್ಲಿ, ಮುಕ್ತ ಪರವಾನಗಿಯಲ್ಲಿ ಪ್ರಕಟಿಸಲು ಹೊಸ ಕಾನೂನು ಬೇಕಿಲ್ಲ. ಸೂಚಿ ಮಾಡುವ ವಿದ್ಯೆ ಕಲಿಯುವ ವಿದ್ಯಾರ್ಥಿಗಳು ಮೈಸೂರು ರಸ್ತೆಯಲ್ಲಿದ್ದಾರೆ, ಚಂದನದ ಟೇಪುಗಳು ಅದೇ ನಗರದ ಜೆ.ಸಿ. ನಗರದ ದೂರದರ್ಶನ ಕೇಂದ್ರದಲ್ಲಿವೆ.