ಚಳಿ ತಡೆಯದವರ ಉಡುಗೆ: ದಪ್ಪ ಕಾಣದೆ ಬೆಚ್ಚಗಿರುವುದು

ಡಿಸೆಂಬರ್ ಕೊನೆಯ ವಾರದಲ್ಲಿ ಬೆಂಗಳೂರಿನ ಬೆಳಗು 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ‘ಚಳಿ ತಡೆಯೋಕಾಗ್ತಿಲ್ಲ’ ಎಂದು ಟೊರಾಂಟೊದಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ ಆ ಕಡೆಯಿಂದ ನಗು ಕೇಳಿಸುತ್ತದೆ. ಆ ನಗುವಿನಲ್ಲಿ ನ್ಯಾಯವಿಲ್ಲ. ಅವಳ ಊರಿನಲ್ಲಿ ಚಳಿ ಬಾಗಿಲಾಚೆ ಇರುತ್ತದೆ, ಒಳಗೆ ಹೀಟರ್ ಉರಿಯುತ್ತದೆ, ಕೋಟು ಕಳಚಿಟ್ಟು ಅಂಗಿಯಲ್ಲೇ ಓಡಾಡಬಹುದು. ನಮ್ಮ ಮನೆಗಳಿಗೆ ಹೀಟರೂ ಇಲ್ಲ, ಚಳಿ ತಡೆಯುವ ಗೋಡೆಯೂ ಇಲ್ಲ. ಗ್ರಾನೈಟ್ ನೆಲ, ಸಂದು ಬಿಟ್ಟ ಕಿಟಕಿ, ಸೋಲಾರ್ ನೀರು ಬಿಸಿಯಾಗದ ಬೆಳಗು. ಬೀದಿಯ ಚಳಿಯೇ ಅಡುಗೆಮನೆಯಲ್ಲೂ ಇರುತ್ತದೆ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ಬೀದರ್, ವಿಜಯಪುರಗಳ ಕಡೆ ಒಂದಂಕಿಯ ಬೆಳಗು ಈಗಲೂ ಅಪರೂಪವೇನಲ್ಲ.

ಇನ್ನೊಂದು ಕಷ್ಟವೂ ಇದೆ. ಬೆಳಿಗ್ಗೆ ಹಲ್ಲು ಕಟಕಟಿಸಿದ ಊರಿನಲ್ಲೇ ಮಧ್ಯಾಹ್ನ 26–27 ಡಿಗ್ರಿ ಬಿಸಿಲು. ಏಳು ಗಂಟೆಗೆ ಹಾಕಿಕೊಂಡ ದಪ್ಪ ಜರ್ಕಿನ್ ಹನ್ನೊಂದಕ್ಕೆ ಕೈಯಲ್ಲಿ ಹೊರೆ. ಹಿಮದ ದೇಶಗಳ ಉಡುಪಿನ ಪಾಠವನ್ನು ಹಾಗೆಯೇ ಇಲ್ಲಿಗೆ ತಂದರೆ ಕೆಲಸಕ್ಕೆ ಬಾರದಿರುವುದು ಈ ಕಾರಣಕ್ಕೆ.

ಒಂದೇ ಕೋಣೆಯಲ್ಲಿ ಒಬ್ಬರು ಫ್ಯಾನ್ ಹಾಕು ಅನ್ನುತ್ತಾರೆ, ಮತ್ತೊಬ್ಬರು ಶಾಲು ಹುಡುಕುತ್ತಾರೆ. ಎರಡೂ ನಾಟಕವಲ್ಲ. ಹೊಟ್ಟೆ, ಎದೆ, ತಲೆಯೊಳಗಿನ ಅಂಗಗಳನ್ನು 37 ಡಿಗ್ರಿಯ ಹತ್ತಿರ ಕಾಯ್ದುಕೊಳ್ಳುವುದು ದೇಹದ ಮೊದಲ ಕೆಲಸ. ಚಳಿ ತಾಗಿದೊಡನೆ ಅದು ಕೈಕಾಲುಗಳ ರಕ್ತನಾಳಗಳನ್ನು ಕಿರಿದು ಮಾಡಿ ಬಿಸಿಯನ್ನು ನಡುಮೈಗೆ ಉಳಿಸಿಕೊಳ್ಳುತ್ತದೆ. ಶಾಖ ಹುಟ್ಟುವುದು ಮುಖ್ಯವಾಗಿ ಮಾಂಸಖಂಡ ಮತ್ತು ಒಳಾಂಗಗಳಲ್ಲಿ. ಹಾಗಾಗಿ ಸಣಕಲು ಮೈಯವರಿಗೆ, ಮಾಂಸಖಂಡ ಸವೆದ ಹಿರಿಯರಿಗೆ ಚಳಿ ಬೇಗ ಹತ್ತುತ್ತದೆ. ಹೆಂಗಸರ ಕೈಬೆರಳು ಗಂಡಸರದಕ್ಕಿಂತ ಸಾಮಾನ್ಯವಾಗಿ ತಣ್ಣಗಿರುತ್ತದೆ. ಹಿಂದೆ ಇಲ್ಲದ ಚಳಿ ಈಚೆಗೆ ಶುರುವಾಗಿದ್ದರೆ ಸ್ವೆಟರ್ ಕೊಳ್ಳುವ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತಹೀನತೆಯಲ್ಲೂ ಥೈರಾಯ್ಡ್ ಕುಂದಿದಾಗಲೂ ಚಳಿ ಹೆಚ್ಚು ಕಾಡುತ್ತದೆ. ಬೆರಳು ಬಿಳಿಚಿಕೊಂಡು, ನೀಲಿಗಟ್ಟಿ, ಆಮೇಲೆ ಕೆಂಪಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ತೋರಿಸಬೇಕು.

ಈ ರಕ್ತನಾಳದ ಲೆಕ್ಕದಿಂದ ಒಂದು ಉಪಾಯ ಸಿಗುತ್ತದೆ. ಕೈ ತಣ್ಣಗಿದ್ದರೆ ಗ್ಲೌಸ್‌ಗಿಂತ ಮೊದಲು ಎದೆ, ಹೊಟ್ಟೆ, ಬೆನ್ನು ಬೆಚ್ಚಗೆ ಮಾಡಿ. ನಡುಮೈಗೆ ಕೊರತೆ ಇಲ್ಲವೆಂದಾದರೆ ಕೈಗೆ ರಕ್ತ ತಾನಾಗಿ ಹರಿಯುತ್ತದೆ. ತೋಳಿಲ್ಲದ ಒಂದು ಉಣ್ಣೆಯ ಸ್ವೆಟರ್ ಇಷ್ಟು ಉಪಯೋಗಕ್ಕೆ ಬರುವುದು ಇದಕ್ಕೇ.

ಬಟ್ಟೆಗೆ ಸ್ವಂತ ಬಿಸಿ ಇಲ್ಲ. ಅದು ಮಾಡುವುದು ಮೈಯ ಬಿಸಿಗೆ ಹೊರದಾರಿ ಸಿಗದ ಹಾಗೆ ಗಾಳಿಯನ್ನು ಹಿಡಿದು ನಿಲ್ಲಿಸುವ ಕೆಲಸ. ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ನೀರಿನಲ್ಲಿ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗ. ಉಳಿದದ್ದೆಲ್ಲ ಈ ಎರಡು ಸಂಗತಿಯಿಂದಲೇ ಹುಟ್ಟುತ್ತದೆ. ಬಿಗಿಯಾದ ಬಟ್ಟೆ ಗಾಳಿಯನ್ನು ಹಿಂಡಿ ತೆಗೆಯುತ್ತದೆ, ಹಾಗಾಗಿ ಬೆಚ್ಚಗಿಡುವುದಿಲ್ಲ. ತೀರಾ ದೊಗಲೆಯದು ನಡೆಯುವಾಗ ಕತ್ತಿನಿಂದಲೂ ಅಂಚಿನಿಂದಲೂ ಬಿಸಿಗಾಳಿಯನ್ನು ಹೊರಗೆ ತಳ್ಳುತ್ತದೆ. ಬೆವರಿನಿಂದ ಒದ್ದೆಯಾದದ್ದು ಎಷ್ಟೇ ದಪ್ಪವಿದ್ದರೂ ದಂಡ.

ಉಡುಪು ಎಷ್ಟು ಬೆಚ್ಚಗಿಡುತ್ತದೆ ಎಂದು ಅಳೆಯಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಮಾನವನ್ನು ತಂದರು. ಗಾಳಿಯ ಸುಳಿವಿಲ್ಲದ 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಹಿತವೆನಿಸಲು ಬೇಕಾದ ಬಟ್ಟೆ 1 ಕ್ಲೋ. ಹೆಚ್ಚುಕಡಿಮೆ ಒಂದು ಸೂಟಿನಷ್ಟು. ಕಟ್ಟಡಗಳ ತಾಪಮಾನ ನಿಗದಿ ಮಾಡುವ ಎಂಜಿನಿಯರುಗಳ ಕೋಷ್ಟಕದಲ್ಲಿ ಒಂದೊಂದು ಉಡುಪಿಗೂ ಬೆಲೆ ಇದೆ. ತುಂಬುತೋಳಿನ ದಪ್ಪ ಸ್ವೆಟರಿಗೆ 0.36 ಕ್ಲೋ. ಮೈಗಂಟಿದ ತುಂಬುತೋಳಿನ ಒಳ ಅಂಗಿಗೆ 0.20, ಕಾಲಿನ ಒಳ ಉಡುಪಿಗೆ 0.15. ಕೂಡಿ ನೋಡಿ: ಯಾರ ಕಣ್ಣಿಗೂ ಬೀಳದ ಒಂದು ಜೊತೆ ಥರ್ಮಲ್ ಒಂದು ದಪ್ಪ ಸ್ವೆಟರಿಗೆ ಹತ್ತಿರ ಹತ್ತಿರ ಸಮ! ಚಳಿಯವರು ಬೆಚ್ಚಗೂ ಇರಬೇಕು, ಮೂಟೆಯಂತೆ ಕಾಣಲೂಬಾರದು ಎಂದರೆ ಹಣ ಹಾಕಬೇಕಾದದ್ದು ಒಳಗಿನ ಪದರಕ್ಕೆ. ಅಂಗಡಿಯಲ್ಲಿ ಎಲ್ಲರೂ ಜಾಕೆಟ್ಟಿನ ಸಾಲಿನಲ್ಲೇ ನಿಂತಿರುತ್ತಾರೆ. ನನ್ನನ್ನು ಕೇಳಿದರೆ ಅದು ಕೊನೆಯ ಖರೀದಿ.

ಒಳಪದರ ಯಾವುದರದ್ದು? ನೂಲನ್ನು ತೇವ ಹೇಗೆ ಸೇರುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ತಡ. ಬಸ್ಸಿಗೆ ಓಡಿ, ಬೆವರಿ, ಆಮೇಲೆ ಎಸಿ ಆಫೀಸಿನಲ್ಲಿ ಕುಳಿತಾಗ ಬೆನ್ನು ತಣ್ಣಗೆ ಕೊರೆಯುವುದು ಹತ್ತಿ ಬನಿಯನ್ನಿನಿಂದ. ಪಾಲಿಯೆಸ್ಟರ್ ತೇವ ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಒಣಗುತ್ತದೆ. ಆದರೆ ಎರಡನೇ ದಿನಕ್ಕೆ ವಾಸನೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಇಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸದು. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಮೆರಿನೊ ಉಣ್ಣೆಯ ತೆಳು ಬನಿಯನ್ ದುಬಾರಿ, ಆದರೆ ಚಳಿ ಹೆಚ್ಚಿರುವವರಿಗೆ ಎರಡು ಸಾಕು.

ನಮ್ಮವರು ಮರೆತಿರುವ ಇನ್ನೊಂದು ಆಯ್ಕೆ ರೇಷ್ಮೆ. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯದಲ್ಲಿದ್ದೂ ಅದನ್ನು ಬೀರುವಿನಲ್ಲಿ ಮದುವೆಗೆಂದು ಮಡಿಸಿಟ್ಟಿದ್ದೇವೆ. ತೂಕಕ್ಕೆ ಹೋಲಿಸಿದರೆ ರೇಷ್ಮೆ ಬೆಚ್ಚಗೆ, ಮೈಗೆ ನವಿರು, ದಪ್ಪವಂತೂ ಇಲ್ಲವೇ ಇಲ್ಲ. ಜರಿ ಹೋದ ಹಳೆಯ ಸೀರೆಯ ಗಟ್ಟಿ ಭಾಗದಿಂದ ಒಂದು ಒಳ ಅಂಗಿ ಹೊಲಿಸಿಕೊಂಡರೆ ದರ್ಜಿ ಹುಬ್ಬೇರಿಸಬಹುದು, ಹೊಲಿಯದೆ ಬಿಡುವುದಿಲ್ಲ.

ಸೀರೆಯುಡುವವರಿಗೆ ಚಳಿಗಾಲ ಬೇರೆಯೇ ಲೆಕ್ಕ. ಸೀರೆ ಕೆಳಭಾಗದಲ್ಲಿ ಬೆಚ್ಚಗಿನ ಉಡುಪೇ. ನಿರಿಗೆಯ ಪದರ ಪದರದಲ್ಲಿ ಗಾಳಿ ನಿಂತಿರುತ್ತದೆ. ಸೋರುವುದು ಎರಡು ಕಡೆ: ಸೊಂಟದ ಸಂದು, ಪಾದದ ಮೇಲೆ ತೆರೆದ ಅಂಚು. ಲಂಗದ ಒಳಗೆ ಥರ್ಮಲ್ ಲೆಗ್ಗಿಂಗ್ ಹಾಕಿದರೆ ಅಂಚಿನ ಚಳಿ ನಿಲ್ಲುತ್ತದೆ. ಸೊಂಟಕ್ಕೆ ಉದ್ದ ಕುಪ್ಪಸ. ರವಿಕೆಯ ಬದಲು ಮೈಗೆ ಕೂರುವ, ಕತ್ತು ಮುಚ್ಚುವ ತೆಳು ಉಣ್ಣೆಯ ಟಾಪನ್ನು ಲಂಗದೊಳಗೆ ಸೇರಿಸಿ ಅದರ ಮೇಲೆ ಸೀರೆ ಉಡುವ ರೂಢಿ ಈಗ ಬಂದಿದೆ. ಇಳಕಲ್ಲಿನ ಕಡುಬಣ್ಣದ ಸೀರೆಗೆ ಕಪ್ಪು ಅಥವಾ ಕುಂಕುಮಗೆಂಪಿನ ಟಾಪ್ ಒಪ್ಪುತ್ತದೆ. ಗುಳೇದಗುಡ್ಡದ ಖಣವೇ ಬೇಕೆನ್ನುವವರು ಅದಕ್ಕೆ ಮುಕ್ಕಾಲು ತೋಳು ಇಡಿಸಿ, ಕುತ್ತಿಗೆ ಅಗಲವಿರುವ, ಮೈಬಣ್ಣದ ಥರ್ಮಲ್ ಒಳಗೆ ಹಾಕಲಿ. ಬಿಳಿ ಥರ್ಮಲ್ ಬೇಡ. ಅದರ ಅಂಚು ಕತ್ತಿನ ಹತ್ತಿರ ಇಣುಕಿದರೆ ಎಂಥ ಸೀರೆಯ ಅಂದವೂ ಅಲ್ಲಿಗೆ ಮುಗಿಯಿತು.

ಸೀರೆಯ ಮೇಲೆ ಉದ್ದನೆಯ ಕಾರ್ಡಿಗನ್ ಸೆರಗನ್ನು ನುಂಗಿಬಿಡುತ್ತದೆ. ಹಾಕಲೇಬೇಕಾದರೆ ಸೊಂಟಕ್ಕೆ ನಿಲ್ಲುವ ಗಿಡ್ಡನೆಯದನ್ನು ಸೆರಗಿನ ಕೆಳಗೆ, ರವಿಕೆಯ ಮೇಲೆ ತೊಟ್ಟು, ಸೆರಗನ್ನು ಅದರ ಮೇಲೆ ಹಾಯಿಸಿ. ಶಾಲಾದರೆ ಒಂದೇ ಹೆಗಲ ಮೇಲೆ ನೀಳವಾಗಿ ಬಿಡುವುದು ನೋಡಲು ಚೆಂದ, ಚಳಿಗೆ ಸುಳ್ಳು. ಎರಡೂ ಹೆಗಲು ಹೊದ್ದು ಒಂದು ತುದಿಯನ್ನು ಹಿಂದಕ್ಕೆ ಎಸೆಯಿರಿ.

ಗಂಡಸರ ಕಷ್ಟ ಬೆಳಗಿನ ಮುಹೂರ್ತದಲ್ಲಿ ಕಾಣುತ್ತದೆ. ಧನುರ್ಮಾಸ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೆ ಚಳಿ ಇನ್ನೂ ಹೋಗಿರುವುದಿಲ್ಲ. ಪಂಚೆಯುಟ್ಟು ಕಲ್ಯಾಣಮಂಟಪದ ಕಲ್ಲುನೆಲದ ಮೇಲೆ ಬರಿಗಾಲು. ಪಂಚೆಯೊಳಗೆ ಕೆನೆಬಣ್ಣದ ಥರ್ಮಲ್ಲನ್ನು ಮೊಣಕಾಲ ಕೆಳಗಿನವರೆಗೆ ಮಡಚಿ ಹಾಕಿಕೊಂಡರೆ ಪುರೋಹಿತರಿಗೂ ತಿಳಿಯದು. ಕೊಡಗಿನವರ ಕುಪ್ಯ-ಚೇಲೆಯನ್ನು ಗಮನಿಸಿ: ತುಂಬುತೋಳಿನ ಬಿಳಿ ಅಂಗಿ, ಅದರ ಮೇಲೆ ಅರ್ಧ ತೋಳಿನ ಉದ್ದನೆಯ ಕಪ್ಪು ಕುಪ್ಯ, ಸೊಂಟಕ್ಕೆ ಬಿಗಿದ ರೇಷ್ಮೆಯ ಚೇಲೆ. ಎರಡು ಪದರ, ನಡುವೆ ಕಟ್ಟು, ಬಿಸಿಗಾಳಿ ಮೇಲಕ್ಕೂ ಕೆಳಕ್ಕೂ ಪಂಪಾಗದು. ಮೈಕಟ್ಟೂ ಎದ್ದು ಕಾಣುತ್ತದೆ. ಸೊಂಟದಲ್ಲಿ ಬೆಲ್ಟ್ ಇರುವ ಕೋಟುಗಳು ಚೆಂದ ಕಾಣುವುದೂ ಬೆಚ್ಚಗಿಡುವುದೂ ಇದೇ ಕಾರಣಕ್ಕೆ.

ಸ್ಕೂಟರ್ ಏರಿದರೆ ಮಾತ್ರ ಮೇಲಿನದೆಲ್ಲ ಸಾಲದು. ಹೆಣೆದ ಸ್ವೆಟರ್ ತುಂಬ ತೂತು. ನಿಂತಾಗ ಬೆಚ್ಚಗೆ, ಗಾಳಿ ಹೊಡೆದರೆ ಇಲ್ಲದಂತೆಯೇ. ಅಮೆರಿಕ, ಕೆನಡಾಗಳು 2001ರಿಂದ ಬಳಸುತ್ತಿರುವ ಗಾಳಿಚಳಿಯ ಸೂತ್ರಕ್ಕೆ ಹಾಕಿ ನೋಡಿದರೆ, 10 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಮುಖಕ್ಕೆ ಹೊಡೆದಾಗ ಚರ್ಮಕ್ಕೆ ಅದು 6 ಡಿಗ್ರಿಯ ಅನುಭವ. ಗಾಳಿ ತೂರದ ತೆಳು ವಿಂಡ್‌ಚೀಟರನ್ನು ಸ್ವೆಟರಿನ ಮೇಲೆ ಹಾಕಿ. ಮಡಚಿದರೆ ಬ್ಯಾಗಿನ ಮೂಲೆಗೆ ಸೇರುತ್ತದೆ. ಜರ್ಕಿನ್ನನ್ನು ಹಿಂದುಮುಂದಾಗಿ ತೊಟ್ಟು ಬೈಕ್ ಓಡಿಸುವ ನಮ್ಮ ಗಂಡಸರನ್ನು ನೋಡಿ ನಗುವವರಿದ್ದಾರೆ. ಜಿಪ್ಪಿನ ಸಂದಿನಿಂದ ನುಗ್ಗುವ ಗಾಳಿಯನ್ನು ಎದೆಗೆ ಬಿಡಬಾರದೆಂಬ ಆ ತರ್ಕ ಸರಿಯೇ ಇದೆ, ನೋಟ ಮಾತ್ರ ದೇವರಿಗೇ ಪ್ರೀತಿ. ಜಿಪ್ಪಿನ ಹಿಂದೆ ಬಟ್ಟೆಯ ಪಟ್ಟಿ ಇರುವ ಜಾಕೆಟ್ ಕೊಂಡರೆ ನೇರವಾಗಿಯೇ ತೊಡಬಹುದು.

ಅರ್ಧ ಬಿಸಿ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅದು ನಿಜವಲ್ಲ. ತಲೆ ಮೈಮೇಲ್ಮೈಯ ಹತ್ತರಲ್ಲಿ ಒಂದು ಭಾಗದಷ್ಟೇ, ಬಿಸಿ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಮಂಕಿ ಕ್ಯಾಪ್ ಕಂಡರೆ ಆಗದ ಮಕ್ಕಳು ಇದನ್ನು ಅಜ್ಜಿಗೆ ಓದಿ ಹೇಳಬಹುದು. ಆದರೆ ಕತ್ತಿಗೆ ಸುತ್ತಿದ ಮಫ್ಲರಿನ ಸುಖವೇ ಬೇರೆ: ಅಂಗಿಯೊಳಗಿನ ಬಿಸಿಗಾಳಿ ಮೇಲೆದ್ದು ಹೋಗುವ ಕಿಂಡಿಯೇ ಕತ್ತು. ಇಡೀ ಉಡುಪು ಬೂದು, ಕಪ್ಪು, ಕಂದಿನಲ್ಲಿದ್ದು ಕತ್ತಿನ ಬಳಿ ಮಾತ್ರ ಅರಿಶಿನವೋ ಗಿಳಿಹಸಿರೋ ಇದ್ದರೆ ಬೇರೆ ಅಲಂಕಾರ ಬೇಡ. ಪಾದದ ಚಳಿಗೆ ಎರಡೆರಡು ಕಾಲುಚೀಲ ಹಾಕಿ ಷೂಗೆ ತುರುಕಬೇಡಿ, ಬಿಗಿಯಾದಷ್ಟೂ ಇನ್ನಷ್ಟು ತಣ್ಣಗಾಗುತ್ತದೆ. ಮನೆಯೊಳಗೆ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡರೆ ಗ್ರಾನೈಟ್ ನೆಲದ ಕಾಟ ತಪ್ಪುತ್ತದೆ.

ಚಳಿ ಬಂತೆಂದರೆ ನಮ್ಮ ಊರುಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಸಾಲುಗಟ್ಟುತ್ತವೆ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಅರವತ್ತರ ದಶಕದಲ್ಲಿ ನೆಲೆಗೊಂಡ ಸಮುದಾಯಕ್ಕೆ ಇದು ವರ್ಷದ ಮುಖ್ಯ ವ್ಯಾಪಾರ. ಮಾಲು ಬಹುಪಾಲು ಲೂಧಿಯಾನದ್ದು. ಅಲ್ಲಿ ಉಲ್ಲನ್ ಎಂದು ಸಿಗುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಅದು ಬೆಚ್ಚಗಿಡದೆ ಇರುವುದಿಲ್ಲ, ಅಗ್ಗ ಕೂಡ, ಆದರೆ ಒಂದೆರಡು ಚಳಿಗಾಲಕ್ಕೆ ಮೈಯೆಲ್ಲ ಉಂಡೆಯೇಳುತ್ತದೆ. ಒಳಹೊಲಿಗೆಯ ಲೇಬಲ್ ಓದಿ. ಅನುಮಾನವಿದ್ದರೆ ಮನೆಯಲ್ಲಿ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಂಗುರದೊಳಗೆ ತೂರಿಸಿ ಪಶ್ಮೀನಾ ಎಂದು ಸಾಬೀತು ಮಾಡುವ ವ್ಯಾಪಾರಿಯನ್ನು ನಂಬಬೇಡಿ, ತೆಳು ವಿಸ್ಕೋಸ್ ಶಾಲೂ ತೂರುತ್ತದೆ.

ಉಣ್ಣೆ ಚುಚ್ಚುವುದು ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್ ದಾಟಿದ ಎಳೆ ಚರ್ಮಕ್ಕೆ ಬಾಗದೆ ಚುಚ್ಚುತ್ತದೆ. ಮೆರಿನೊ 24ಕ್ಕಿಂತ ಕಡಿಮೆ, ಲಡಾಖಿನ ಚಾಂಗ್‌ಥಾಂಗ್ ಮೇಕೆಯ ಪಶ್ಮೀನಾ 12ರಿಂದ 16. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೈಗೆ ತಾಗಿಸಿ ತೊಡುವಂಥದ್ದಲ್ಲ. ಆದರೆ ರಾಣೆಬೆನ್ನೂರಿನ ಮೆಡ್ಲೇರಿಯ ಕಂಬಳಿಯನ್ನು ಹೊರಪದರವಾಗಿ ನೋಡಿ. ಹುಣಸೆ ಬೀಜದ ಗಂಜಿ ಕುಡಿಸಿದ ಹಾಸಿನ ಒತ್ತು ನೇಯ್ಗೆ, ಗಾಳಿಗೆ ಅಷ್ಟು ಸುಲಭಕ್ಕೆ ದಾರಿ ಬಿಡದು. ದಖನಿ ಉಣ್ಣೆಯಲ್ಲಿ ಜಾಕೆಟ್, ಸ್ಟೋಲ್ ಹೊಲಿಯುವವರು ಈಗ ಇದ್ದಾರೆ. ಕಪ್ಪು, ಕಂದು, ಬೂದಿ, ಎಲ್ಲ ಕುರಿಯದೇ ಬಣ್ಣ. ಒಳಗೆ ನವಿರಾದ ತುಂಬುತೋಳು ಇದ್ದರೆ ಜೀನ್ಸಿನ ಮೇಲೂ ಹೊಂದುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತ ಹೋದಮೇಲೆ ಇವನ್ನೆಲ್ಲ ತೊಳೆದೇ ಒಳಗಿಡಿ. ಉಣ್ಣೆ ತಿನ್ನುವುದು ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆಯ ಕಲೆ ಇರುವ ಜಾಗವನ್ನೇ ಹುಡುಕಿ ತಿನ್ನುತ್ತದೆ. ತಣ್ಣೀರು, ಸೌಮ್ಯ ಸೋಪು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ ಒಣಗಿಸಿ. ಒದ್ದೆ ಸ್ವೆಟರನ್ನು ಹಗ್ಗಕ್ಕೆ ನೇತುಹಾಕಿದರೆ ಮುಂದಿನ ಡಿಸೆಂಬರಿಗೆ ಅದು ಮೊಣಕಾಲು ಮುಟ್ಟಿರುತ್ತದೆ.