ಕಡಲಿಗೆ ಬೆನ್ನು ಮಾಡಿ ನೋಡಬೇಕಾದ ಅಮಾಲ್ಫಿ

ಇಟಲಿಯ ಸಲೆರ್ನೊ ಕೊಲ್ಲಿಯ ದಂಡೆಯಲ್ಲಿ, ಕಡಿದಾದ ಬೆಟ್ಟಗಳ ಕೊರಕಲಿಗೆ ಅಂಟಿಕೊಂಡ ಪುಟ್ಟ ಊರು ಅಮಾಲ್ಫಿ. ಇಲ್ಲಿನ ಕರಾವಳಿ 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈ ಊರಿನ ಬಗ್ಗೆ ರೂಢಿಯಲ್ಲಿರುವ ಕಥೆ ಚಿಕ್ಕದು: ವೆನಿಸ್, ಜಿನೋವಾ, ಪೀಸಾಗಳಿಗೆ ಸಾಟಿಯಾಗಿದ್ದ ಕಡಲ ಗಣರಾಜ್ಯ, 1343ರ ನವೆಂಬರ್‌ನಲ್ಲಿ ಉಕ್ಕಿದ ಸಮುದ್ರ ಅದನ್ನು ನುಂಗಿತು, ಉಳಿದದ್ದು ನಿಂಬೆತೋಟ ಮತ್ತು ಚೆಲುವು. ಆದರೆ ಅಮಾಲ್ಫಿಯ ಸ್ವಭಾವ ಅರ್ಥವಾಗಬೇಕಾದರೆ ಕಡಲಿಗೆ ಬೆನ್ನು ಮಾಡಿ, ಊರ ನಡುವೆ ಇಳಿಯುವ ಕನ್ನೆತೊ ತೊರೆಯ ಗುಂಟ ಬೆಟ್ಟದತ್ತ ಹೋಗಬೇಕು. ಅಲ್ಲಿವೆ ಕಾಗದದ ಗಿರಣಿಗಳು.

ಉಳಲು ನೆಲವಿಲ್ಲದ ಈ ಊರು ಮೊದಲು ಕಡಲನ್ನೇ ಹೊಲ ಮಾಡಿಕೊಂಡದ್ದು ನಿಜ. 839ರಲ್ಲಿ ಸ್ವತಂತ್ರವಾದ ಮೇಲೆ ಇಲ್ಲಿನ ವರ್ತಕರು ಈಜಿಪ್ಟ್, ಕಾನ್‌ಸ್ಟಾಂಟಿನೋಪಲ್‌ಗಳವರೆಗೆ ವ್ಯಾಪಾರ ಹಬ್ಬಿಸಿದರು. ಊರ ಕೆಥೆಡ್ರಲ್‌ನ ಕಂಚಿನ ಬಾಗಿಲು 11ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದಲೇ ಬಂದದ್ದು. ಆದರೆ 1073ರಲ್ಲಿ ನಾರ್ಮನ್ನರು ಊರನ್ನು ವಶಪಡಿಸಿಕೊಂಡರು. 1135 ಮತ್ತು 1137ರಲ್ಲಿ ಪೀಸಾದವರು ಕೊಳ್ಳೆ ಹೊಡೆದರು. ಅಂದಮೇಲೆ 1343ರ ಅಲೆಗಳು ಕೊಚ್ಚಿಕೊಂಡು ಹೋದದ್ದು ಕೆಳಗಿನ ಕೇರಿಗಳನ್ನೇ ಹೊರತು ವೈಭವವನ್ನಲ್ಲ. ಅದು ಇನ್ನೂರು ವರ್ಷ ಮೊದಲೇ ಕರಗಿತ್ತು. ಅದಾದ ಮೇಲೂ ಊರು ಬದುಕಿದ್ದು ಹೇಗೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಕಾಗದದ ವಿದ್ಯೆಯೂ ಕಡಲು ತಂದದ್ದೇ ಅಲ್ಲವೇ ಎಂದು ಆಕ್ಷೇಪಿಸಬಹುದು. ಹೌದು, ಅರಬರ ಒಡನಾಟದಿಂದ ಅದು ಬಂದಿರಬೇಕು. 1231ರಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್, ಅಧಿಕೃತ ಪತ್ರಗಳನ್ನು ಕಾಗದದ ಮೇಲೆ ಬರೆಯಕೂಡದು, ಚರ್ಮದ ಹಾಳೆಯೇ ಆಗಬೇಕು ಎಂದು ಕಟ್ಟಳೆ ಮಾಡಿದ. ಬಳಕೆಯಲ್ಲಿ ಇಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲ. ಆದರೆ ಆ ಕಟ್ಟಳೆ ಬಳಕೆಗೆ ಸಾಕ್ಷಿ, ತಯಾರಿಕೆಗೆ ಅಲ್ಲ. ತಯಾರಿಕೆಗೆ ಬೇಕಾದದ್ದು ರಭಸದಿಂದ ಇಳಿಯುವ ಶುದ್ಧ ನೀರು. ಅದನ್ನು ಕೊಟ್ಟದ್ದು ತೊರೆ. ವಿದ್ಯೆ ಹಡಗಿನಲ್ಲಿ ಬಂದಿರಬಹುದು, ಅದನ್ನು ಶತಮಾನಗಟ್ಟಲೆ ಸಾಕಿದ್ದು ಕಣಿವೆ.

ಕೆಲಸದ ಬಗೆ ನೋಡಿದರೆ ಇದು ಇನ್ನೂ ಸ್ಪಷ್ಟ. ಕಚ್ಚಾಮಾಲು ಹಳೆಯ ಹತ್ತಿ, ನಾರುಬಟ್ಟೆಯ ಚಿಂದಿ. ನೀರಿನ ಚಕ್ರ ತಿರುಗಿದಂತೆ, ತುದಿಗೆ ಕಬ್ಬಿಣದ ಮೊಳೆ ಬಡಿದ ಮರದ ಕೊಡತಿಗಳು ಏರಿ ಇಳಿದು, ಕಲ್ಲಿನ ತೊಟ್ಟಿಯಲ್ಲಿನ ಚಿಂದಿಯನ್ನು ಗಂಜಿಯಂತೆ ಅರೆಯುತ್ತವೆ. ಆ ಗಂಜಿಗೆ ತಂತಿ ಹೆಣೆದ ಚೌಕಟ್ಟನ್ನು ಅದ್ದಿ ಎತ್ತಿದರೆ ನೀರು ಸೋರಿ ತೆಳುಪದರ ನಿಲ್ಲುತ್ತದೆ. ಅದನ್ನು ಉಣ್ಣೆಬಟ್ಟೆಯ ಮೇಲೆ ಮಗುಚಿ, ಒತ್ತಿ, ಗಾಳಿಯಾಡುವಲ್ಲಿ ಒಣಗಿಸಿದರೆ ಹಾಳೆ ಸಿದ್ಧ. ಬೆಳಕಿಗೆ ಹಿಡಿದರೆ ಗಿರಣಿಯ ಗುರುತು ಮೂಡುತ್ತದೆ.

ಈ ಉದ್ಯಮವೂ ಸೋತಿತಲ್ಲ ಎನ್ನಬಹುದು. ಯಂತ್ರದ ಅಗ್ಗದ ಕಾಗದ ಅದನ್ನು ಬಡಕಲಾಗಿಸಿತು, 1954ರ ಪ್ರವಾಹ ಹಲವು ಗಿರಣಿಗಳನ್ನು ಕೆಡವಿತು. ಆದರೂ ಕೆಲಸ ಪೂರ್ತಿ ನಿಂತಿಲ್ಲ. ಕಡಲ ಚೌಕದಲ್ಲಿ ದಿಕ್ಸೂಚಿಯ ಜನಕನೆಂದು ಫ್ಲಾವಿಯೊ ಜೋಯಾನ ಪ್ರತಿಮೆಯಿದೆ. ಅಂಥವನೊಬ್ಬ ಇದ್ದನೆಂಬುದೇ ಅನುಮಾನ. ತೊರೆಯ ಬದಿಯ ಹಳೆಯ ಗಿರಣಿಯೊಂದು ಮಾತ್ರ 1969ರಿಂದ ಕಾಗದದ ಮ್ಯೂಸಿಯಂ ಆಗಿದೆ, ಅಲ್ಲಿ ಹಾಳೆ ಎತ್ತುವುದನ್ನು ಇಂದಿಗೂ ನೋಡಬಹುದು.