ಐಡಹೋದ ಕಪ್ಪು ಲಾವಾ ಬಯಲು

ಅಮೆರಿಕದ ಐಡಹೋ ರಾಜ್ಯದಲ್ಲಿ, ಆರ್ಕೋ ಎಂಬ ಸಣ್ಣ ಊರಿನ ನೈರುತ್ಯಕ್ಕೆ, ಸುಮಾರು 1,600 ಚದರ ಕಿಲೋಮೀಟರ್ ನೆಲವನ್ನು ಹೆಪ್ಪುಗಟ್ಟಿದ ಲಾವಾ ಆವರಿಸಿದೆ. ಇದರ ಹೆಸರು ‘ಕ್ರೇಟರ್ಸ್ ಆಫ್ ದ ಮೂನ್’. ಚಂದ್ರನ ಮೇಲಿನ ಕುಳಿಗಳಲ್ಲಿ ಹೆಚ್ಚಿನವು ಉಲ್ಕೆಗಳ ಹೊಡೆತದಿಂದ ಆದವು, ಇಲ್ಲಿನವು ಜ್ವಾಲಾಮುಖಿಯವು. ಹೆಸರು ತಪ್ಪೇ ಸರಿ. ಆದರೂ 1969ರಲ್ಲಿ ಅಪೊಲೊ ಗಗನಯಾತ್ರಿಗಳು ಶಿಲಾಪಾಠ ಕಲಿಯಲು ಇಲ್ಲಿಗೇ ಬಂದಿದ್ದರು.

ಇಲ್ಲಿ ಬೆಂಕಿ ಕಾರಿದ ಒಂದೇ ದೊಡ್ಡ ಪರ್ವತವೆಂಬುದಿಲ್ಲ. ಸುಮಾರು 85 ಕಿ.ಮೀ. ಉದ್ದದ ‘ಗ್ರೇಟ್ ರಿಫ್ಟ್’ ಎಂಬ ಬಿರುಕುಸಾಲಿನಿಂದ ಲಾವಾ ಉಕ್ಕಿ ಹರಿಯಿತು. 15,000 ವರ್ಷಗಳ ಹಿಂದೆ ಶುರುವಾದ ಈ ಉಕ್ಕು ಎಂಟು ಕಂತುಗಳಲ್ಲಿ ನಡೆದು, 2,000 ವರ್ಷಗಳ ಹಿಂದೆ ನಿಂತಿತು. ಮತ್ತೆ ಉಕ್ಕೀತೆಂದೇ ಭೂವಿಜ್ಞಾನಿಗಳ ಎಣಿಕೆ. ಬೀದರ್, ವಿಜಯಪುರಗಳ ದಖ್ಖನ್ ಲಾವಾ ಕೂಡ ಬಿರುಕುಗಳಿಂದ ಬಂದದ್ದೇ. ಅದಕ್ಕೆ ಸುಮಾರು 6.6 ಕೋಟಿ ವರ್ಷ ವಯಸ್ಸಾಗಿ, ಸವೆದು ಜೋಳ ಬೆಳೆಯುವ ಎರೆಮಣ್ಣಾಗಿದೆ. ಐಡಹೋದ್ದು ಇನ್ನೂ ಹಸಿ ಕಲ್ಲು.

ಇಲ್ಲಿ ಲಾವಾ ಎರಡು ಬಗೆಯದು. ‘ಪಹೋಯ್‌ಹೋಯ್’ ಕಾದ ಹಾಲಿನ ಕೆನೆಯಂತೆ ನುಣುಪಾಗಿ ಮಡಿಕೆಗಟ್ಟಿರುತ್ತದೆ. ‘ಆ-ಆ’ ಮುಳ್ಳುಮುಳ್ಳಾದ ಕಲ್ಲಿನ ರಾಶಿ. ಹೊಳೆಯಾಗಿ ಹರಿದ ಲಾವಾದ ಮೇಲ್ಪದರ ಆರಿ ಗಟ್ಟಿಯಾದ ಮೇಲೂ ಒಳಗಿನದು ಹರಿದುಹೋಗಿ, ಗುಹೆಗಳು ಉಳಿದಿವೆ. ಅವುಗಳಲ್ಲಿ ‘ಇಂಡಿಯನ್ ಟನಲ್’ ದೊಡ್ಡದು. ಚಾವಣಿ ಅಲ್ಲಲ್ಲಿ ಕುಸಿದಿರುವುದರಿಂದ ಒಳಗೆ ಬೆಳಕೂ ಬೀಳುತ್ತದೆ.

ಮಳೆ, ಹಿಮದ ನೀರೆಲ್ಲ ಬಿರುಕುಗಳಿಗೆ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಕಲ್ಲಿನ ಮೈ 75 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆದರೂ ಬೂದಿಗುಡ್ಡಗಳ ಮೇಲೆ ಗೇಣುದ್ದವೂ ಇಲ್ಲದ ಬೆಳ್ಳಿಬಣ್ಣದ ಗಿಡಗಳು ಯಾರೋ ಅಳೆದು ನೆಟ್ಟ ಹಾಗೆ ದೂರದೂರ ನಿಂತಿರುತ್ತವೆ. ನೀರಿಗಾಗಿ ಪ್ರತಿ ಗಿಡವೂ ಸುತ್ತಲ ನೆಲಕ್ಕೆಲ್ಲ ಬೇರು ಹರಡಿರುವುದರಿಂದ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿಲ್ಲ. ದಾರಿ ಬಿಟ್ಟು ಇಟ್ಟ ಒಂದೊಂದು ಹೆಜ್ಜೆಯೂ ಇವುಗಳಿಗೆ ಪೆಟ್ಟು.

ರಾಬರ್ಟ್ ಲಿಂಬರ್ಟ್ ಎಂಬಾತ 1920ರಲ್ಲಿ ಈ ಬಯಲನ್ನು ನಡೆದು ದಾಟಿದ. ಜೊತೆಗಿದ್ದ ನಾಯಿಯ ಪಾದಗಳು ಕಲ್ಲಿಗೆ ಕೊಯ್ದುಹೋಗಿ, ಅದನ್ನು ಹೊತ್ತುಕೊಂಡೇ ಸಾಗಬೇಕಾಯಿತು. ಅವನ ಬರಹ 1924ರಲ್ಲಿ ‘ನ್ಯಾಷನಲ್ ಜಿಯೋಗ್ರಾಫಿಕ್’ನಲ್ಲಿ ಬಂತು, ಅದೇ ವರ್ಷ ಅಧ್ಯಕ್ಷ ಕೂಲಿಡ್ಜ್ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 2000ದಲ್ಲಿ ಅದರ ಗಡಿ ಬಹಳಷ್ಟು ಹಿಗ್ಗಿತು.

ನೋಡಲು 11 ಕಿ.ಮೀ. ಸುತ್ತುರಸ್ತೆಯಿದೆ, ಚಳಿಗಾಲದಲ್ಲಿ ಅಲ್ಲಿ ವಾಹನ ಓಡುವುದಿಲ್ಲ, ಸ್ಕೀ ಕಟ್ಟಿಕೊಂಡು ಹೋಗಬೇಕು. ಹೊತ್ತು ಕಡಿಮೆಯಿದ್ದರೆ ‘ಇನ್‌ಫರ್ನೊ ಕೋನ್’ ಎಂಬ ಬೂದಿಗುಡ್ಡ ಒಂದನ್ನಾದರೂ ಹತ್ತಬೇಕು. ಏರು ಕಡಿದು, ಆದರೆ ತುದಿಯಿಂದ ಬಿರುಕಿನ ಸಾಲು ಕಣ್ಣಿಗೆ ಕಟ್ಟುತ್ತದೆ. ಗುಹೆಗೆ ಇಳಿಯಲು ಅನುಮತಿಚೀಟಿ ಬೇಕು. ಬಾವಲಿಗಳನ್ನು ಕೊಲ್ಲುವ ಬಿಳಿಮೂಗಿನ ಶಿಲೀಂಧ್ರರೋಗ ಹರಡದಿರಲೆಂದು ಈ ಕಟ್ಟುಪಾಡು. ಗಟ್ಟಿ ಅಟ್ಟೆಯ ಬೂಟು, ಟಾರ್ಚು, ಸಾಕಷ್ಟು ನೀರು ಜೊತೆಗಿರಲಿ. ಇಲ್ಲಿಂದ ಒಂದು ಕಲ್ಲನ್ನು ಎತ್ತಿಕೊಂಡು ಹೋಗುವುದೂ ಕಾನೂನಿಗೆ ವಿರುದ್ಧ.